ಫ್ರೀ ಇದ್ದೀರಾ?

ಇಂಗ್ಲಿಷಿನ ಒಂದಕ್ಷರವೂ ಬಾರದ ಹಿರಿಯರ ಬಾಯಲ್ಲೂ ಬಸ್ಸು, ಕರೆಂಟು, ಫೋನು ಮುಂತಾದ ಮಾತುಗಳು ಸಲೀಸಾಗಿ ಓಡಾಡುತ್ತವೆ. ಅದರಲ್ಲಿ ಆಶ್ಚರ್ಯವೇನಿಲ್ಲ. ವಸ್ತು ಬಂತು, ಅದರ ಬೆನ್ನಿಗೆ ಹೆಸರೂ ಬಂತು. ಆದರೆ 'ಫ್ರೀ' ಎಂಬುದು ವಸ್ತುವಿನ ಹೆಸರಲ್ಲ. ಅದು ಹೇಳುವ ಅರ್ಥಗಳಿಗೆಲ್ಲ ನಮ್ಮಲ್ಲಿ ಮೊದಲೇ ಮಾತುಗಳಿದ್ದವು, ಒಂದಲ್ಲ, ಏಳೆಂಟು ಇದ್ದವು. ಅವನ್ನೆಲ್ಲ ಮೆಲ್ಲಗೆ ಬದಿಗೆ ಸರಿಸಿ ಈ ಒಂದು ಮಾತು ನಡುಮನೆಯಲ್ಲಿ ಚಾಪೆ ಹಾಕಿ ಕುಳಿತುಬಿಟ್ಟಿದೆ.

ಕುಂದಾಪುರದ ಪೇಟೆಯಲ್ಲಿ ಅರ್ಧ ಗಂಟೆ ಕಿವಿ ತೆರೆದುಕೊಂಡು ನಿಂತರೆ ಸಾಕು. 'ಚಾಪುಡಿ ತಕಂಡ್ರೆ ಚಮಚ ಫ್ರೀ' ಎನ್ನುವ ಅಂಗಡಿಯವ, 'ಆ ಸೀಟು ಫ್ರೀ ಇತ್ತಾ?' ಎಂದು ಬಸ್ಸಿನಲ್ಲಿ ಕೇಳುವ ಅಮ್ಮ, 'ರಸ್ತೆ ಈಗ ಫ್ರೀ ಆಯ್ತ್' ಎನ್ನುವ ರಿಕ್ಷಾದವ. ಔಷಧಿ ಅಂಗಡಿಯಲ್ಲಿ 'ಶುಗರ್ ಫ್ರೀ', ಬಟ್ಟೆ ಅಂಗಡಿಯಲ್ಲಿ 'ಫ್ರೀ ಸೈಜು'. ಡಾಕ್ಟರರ ಎದುರು ಕುಳಿತವರು ಹೊಟ್ಟೆಯ ವಿಚಾರವನ್ನು ನಾಚಿಕೆಯಿಲ್ಲದೆ ಹೇಳಲು ಇದೇ ಮಾತನ್ನು ಆಶ್ರಯಿಸುತ್ತಾರೆ. ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರು 'ನಮ್ಮ ಮನೆಯಲ್ಲಿ ಎಲ್ಲ ಫ್ರೀ, ಏನೂ ಸಂಕೋಚ ಬೇಡ' ಎಂದು ಭರವಸೆ ಕೊಡುತ್ತಾರೆ. ಈ ಕೊನೆಯ ಫ್ರೀಯ ಅರ್ಥ ತಿಳಿಯಲು ಮದುವೆಯಾಗಿ ಒಂದು ವರ್ಷ ಬೇಕು.

ಒಂದು ಮಾತಿಗೆ ಹತ್ತು ಅರ್ಥವಿದ್ದರೆ ದೋಷವಲ್ಲ. ನಮ್ಮ 'ಕಟ್ಟು', 'ಬಿಡು'ಗಳಿಗೂ ಇವೆ. ನನ್ನ ತಕರಾರು ಬೇರೆ. ಈ ಮಾತು ಬಂದ ಮೇಲೆ ನಾವು ಹಿಂದೆ ಮಾಡುತ್ತಿದ್ದ ಕೆಲವು ವ್ಯತ್ಯಾಸಗಳನ್ನು ಮಾಡುವುದನ್ನೇ ಮರೆತಿದ್ದೇವೆ, ಆ ಮರೆವಿನ ಬೆಲೆ ಹೆಚ್ಚಾಗಿ ಹೆಂಗಸರ ಲೆಕ್ಕಕ್ಕೆ ಬಿದ್ದಿದೆ ಎನ್ನುವುದು.

ಮೊದಲು ಹಣದ ಅರ್ಥವನ್ನೇ ನೋಡೋಣ. ಕಾಸು ಕೊಡದೆ ಸಿಕ್ಕಿದ್ದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿದ್ದವು! ಮರಾಠಿಯ ಫುಕಟ್‌ನ ಸಂಬಂಧದ 'ಪುಕ್ಕಟೆ' ಇತ್ತು. ಅದರಲ್ಲಿ ಸಣ್ಣ ತಿರಸ್ಕಾರ. 'ಧರ್ಮಕ್ಕೆ ಸಿಕ್ಕಿತು' ಎಂಬುದಿತ್ತು. ಅದರಲ್ಲಿ ಕೊಟ್ಟವನ ಪುಣ್ಯದ ಲೆಕ್ಕ. 'ಉಚಿತ' ಎಂಬ ಸಂಸ್ಕೃತದ ಮಾತಿಗೆ ಮೂಲದಲ್ಲಿ ಕಾಸಿನ ಸಂಬಂಧವೇ ಇಲ್ಲ, ಯೋಗ್ಯವಾದದ್ದು, ತಕ್ಕದ್ದು ಎಂದರ್ಥ. ಔಚಿತ್ಯ ಎನ್ನುವಾಗ ಈಗಲೂ ಆ ಅರ್ಥವೇ ಉಳಿದಿದೆ. ಅದು ಕನ್ನಡದಲ್ಲಿ ಹೇಗೋ ಬೋರ್ಡಿನ ಮೇಲಿನ 'ಉಚಿತ ಪ್ರವೇಶ'ವಾಯಿತು. ಮೀನು ಮಾರುವವಳು ತೂಕವೋ ಎಣಿಕೆಯೋ ಮುಗಿದ ಮೇಲೆ ಬುಟ್ಟಿಯಿಂದ ಇನ್ನೆರಡು ಬಂಗುಡೆ ಎತ್ತಿ ಹಾಕಿದರೆ ಅದು 'ಕೊಸರು'. ಕೊಸರಿಗೂ ಇಂದಿನ 'ಒಂದು ಕೊಂಡರೆ ಒಂದು ಫ್ರೀ'ಗೂ ಅಜಗಜಾಂತರ. ಕೊಸರು ಕೊಳ್ಳುವವಳ ಮುಖ ನೋಡಿ ಕೊಡುವಂಥದ್ದು, ನಿನ್ನೆ ಬಂದಿದ್ದಳೇ, ನಾಳೆ ಬರುತ್ತಾಳೆಯೇ ಎಂಬ ಲೆಕ್ಕಾಚಾರದ ಜೊತೆಗೆ ಒಂದಿಷ್ಟು ದಾಕ್ಷಿಣ್ಯವೂ ಸೇರಿದ್ದು. ಫ್ರೀಗೆ ಮುಖವಿಲ್ಲ. ಅದನ್ನು ಕಾರ್ಖಾನೆಯಲ್ಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿರುತ್ತಾರೆ, ಅದರ ಬೆಲೆಯನ್ನೂ ಚಾಪುಡಿಯ ಬೆಲೆಯೊಳಗೇ ಸುತ್ತಿಟ್ಟಿರುತ್ತಾರೆ.

ಕೊಲ್ಲೂರಿನಲ್ಲಿ ಮಧ್ಯಾಹ್ನ ಎಲೆಯ ಮುಂದೆ ಕುಳಿತವರು ಯಾರೂ 'ಇಲ್ಲಿ ಊಟ ಫ್ರೀ' ಎನ್ನುವುದಿಲ್ಲ, ಪ್ರಸಾದ ಎನ್ನುತ್ತಾರೆ. ಮಂದಾರ್ತಿ ಮೇಳದ ಆಟ ಯಾರದೋ ಮನೆಯಂಗಳದಲ್ಲಿ ನಡೆದರೆ ಊರವರೆಲ್ಲ ಹೋಗಿ ಬೆಳಗಿನವರೆಗೆ ನೋಡಬಹುದು, ಟಿಕೇಟಿಲ್ಲ. ಆದರೆ ಅದನ್ನು ಫ್ರೀ ಆಟ ಎಂದವರನ್ನು ನಾನು ಕಂಡಿಲ್ಲ, ಅದು 'ಹರಕೆ ಆಟ'. ಆಡಿಸುವವರು ವರ್ಷಗಟ್ಟಲೆ ತಮ್ಮ ಸರದಿಗಾಗಿ ಕಾದು, ದುಡ್ಡು ಕೂಡಿಸಿ ಆಡಿಸುತ್ತಾರೆ ಎಂಬುದು ನೋಡುವವರಿಗೆಲ್ಲ ಗೊತ್ತಿದೆ. ಡೇರೆ ಮೇಳದ ಆಟಕ್ಕೆ ಟಿಕೇಟು, ಬಯಲಾಟಕ್ಕೆ ಇಲ್ಲ ಎನ್ನುವಾಗ ನಾವು ಬೆಲೆಯ ವ್ಯತ್ಯಾಸವನ್ನಷ್ಟೇ ಹೇಳುತ್ತಿಲ್ಲ, ಕೊಟ್ಟವರು ಯಾರು ಎನ್ನುವುದನ್ನೂ ಹೇಳುತ್ತಿದ್ದೇವೆ. ಹಾಗೆಯೇ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಹೆಸರಿಟ್ಟವರು 'ಅಕ್ಷರ ದಾಸೋಹ' ಎಂದರಲ್ಲ, ಅವರಿಗೆ ಮಾತಿನ ತೂಕ ಗೊತ್ತಿತ್ತು. ತಟ್ಟೆ ಹಿಡಿದು ನಿಂತ ಮಗುವಿನ ಮೇಲೆ ಫ್ರೀ ಎಂಬ ಚೀಟಿ ಅಂಟಿಸಲಿಲ್ಲ. ಅಡುಗೆಯವರಿಗೆ ಕೊಡುವ ಅಲ್ಪ ಹಣಕ್ಕೆ 'ಗೌರವಧನ' ಎಂಬ ದೊಡ್ಡ ಹೆಸರಿಟ್ಟಿದ್ದು ಮಾತ್ರ ಬೇರೆ ಕಥೆ. ನಮ್ಮ ಕಡೆಯ ಶಾಲೆಗಳಲ್ಲಿ 'ಗೌರವ ಶಿಕ್ಷಕಿ'ಯರೂ ಇದ್ದಾರೆ. ಸಂಬಳ ಎಲ್ಲಿ ಕಡಿಮೆಯೋ ಅಲ್ಲಿ ಗೌರವ ಜಾಸ್ತಿ ಎಂದು ಯಾರಾದರೂ ಸೂತ್ರ ಬರೆಯಬಹುದು.

ಇವುಗಳಲ್ಲೆಲ್ಲ ನನಗೆ ಬಹಳ ಮುಖ್ಯವೆನಿಸುವ ಮಾತು 'ಬಿಟ್ಟಿ'. ಈಗ ಅದು ಪುಕ್ಕಟೆ ಎಂಬರ್ಥದ ಬೈಗುಳ. 2023ರಲ್ಲಿ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳು ಬಂದಾಗ 'ಬಿಟ್ಟಿ ಭಾಗ್ಯ' ಎಂದು ಹಂಗಿಸಿದವರು ಬಹಳ ಜನ. ಯೋಜನೆ ಸರಿಯೋ ತಪ್ಪೋ ಎಂಬ ರಾಜಕೀಯಕ್ಕೆ ನಾನು ಹೋಗುವುದಿಲ್ಲ, ಮತ ಹಾಕುವ ಕೋಣೆಯಲ್ಲಿ ಅದನ್ನು ಅವರವರೇ ತೀರ್ಮಾನಿಸಲಿ. ಮಾತಿನ ವಿಚಾರವಷ್ಟೇ ನನ್ನದು. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲರ ನಿಘಂಟನ್ನು ತೆರೆದರೆ ಬಿಟ್ಟಿಯ ಹುಟ್ಟು ತಿಳಿಯುತ್ತದೆ. ಅದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ವಿಷ್ಟಿ ಎಂದರೆ ಕೂಲಿ ಕೊಡದೆ ಒತ್ತಾಯದಿಂದ ಮಾಡಿಸಿಕೊಳ್ಳುವ ದುಡಿಮೆ. ಹಳೆಯ ಶಾಸನಗಳಲ್ಲಿ ಬರುವ ಬಿಟ್ಟಿಯೂ ಅದೇ, ಊರವರು ಅರಸನಿಗೋ ಒಡೆಯನಿಗೋ ಸಲ್ಲಿಸಲೇಬೇಕಾದ ಕೂಲಿಯಿಲ್ಲದ ಕೆಲಸ. ಅಂದರೆ ಮೊದಲು ಬಿಟ್ಟಿ ಎಂಬುದು ದುಡಿದವನ ಕಡೆಯ ಮಾತಾಗಿತ್ತು. 'ಬಿಟ್ಟಿ ಮಾಡಿದ' ಎಂದರೆ ಬೆವರು ಸುರಿಸಿದ, ಏನೂ ಸಿಗಲಿಲ್ಲ ಎಂದು. ಕಾಲಾನಂತರ ಅದು ಪಡೆದವನ ಕಡೆಗೆ ದಾಟಿತು. 'ಬಿಟ್ಟಿ ಸಿಕ್ಕಿತು' ಎಂದರೆ ಏನೂ ಕೊಡದೆ ಪಡೆದ ಎಂದಾಯಿತು. ಒಬ್ಬರಿಗೆ ಬಿಟ್ಟಿ ಸಿಗಬೇಕಾದರೆ ಇನ್ನೊಬ್ಬರು ಬಿಟ್ಟಿ ಮಾಡಿರಬೇಕಲ್ಲ! ಆ ಇನ್ನೊಬ್ಬರು ಮಾತಿನಿಂದ ಜಾರಿಹೋದರು. ಅಡುಗೆಮನೆಯಲ್ಲಿ ಐವತ್ತು ವರ್ಷ ಮೊದಲಿನ ಅರ್ಥದ ಬಿಟ್ಟಿ ಮಾಡಿದವಳು ಬ್ಯಾಂಕಿನಲ್ಲಿ 2000 ರೂಪಾಯಿ ಪಡೆಯಲು ನಿಂತಾಗ ಎರಡನೆಯ ಅರ್ಥದ ಬಿಟ್ಟಿಯನ್ನು ಅವಳ ಮೇಲೆ ಎಸೆದರು. ಭಾಷೆ ಮಾಡುವ ಕುಚೋದ್ಯಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ತಿಳಿದಿಲ್ಲ.

ಇನ್ನು ಹೊತ್ತಿನ ವಿಚಾರ. ಹಿಂದೆ ನಮ್ಮ ಕಡೆ ಹೆಂಗಸರು ಒಬ್ಬರನ್ನೊಬ್ಬರು 'ಪುರ್ಸೊತ್ತ್ ಇತ್ತಾ?' ಎಂದು ಕೇಳುತ್ತಿದ್ದರು. ಅರಬ್ಬಿಯ ಫುರ್ಸತ್ ಎಂಬ ಮಾತು ಎಷ್ಟೋ ಊರು ಸುತ್ತಿ ನಮ್ಮ ಅಂಗಳಕ್ಕೆ ಬಂದದ್ದು. ಹಾಗಾಗಿ ಹೊರಗಿನ ಮಾತೆಂದು ನಾನು ಫ್ರೀಯನ್ನು ದೂರುತ್ತಿಲ್ಲ. ಪುರುಸೊತ್ತಾಗಲಿ, ಕನ್ನಡದ್ದೇ ಆದ ಬಿಡುವಾಗಲಿ ಒಂದು ವಿಷಯವನ್ನು ಒಪ್ಪಿಕೊಂಡೇ ಹೊರಡುತ್ತವೆ: ನಿಮಗೆ ಕೆಲಸವಿದೆ. ಆ ಕೆಲಸ ನಿಮ್ಮನ್ನು ಸ್ವಲ್ಪ ಬಿಟ್ಟಿದೆಯೇ ಎಂದು ಕೇಳುವುದು ಬಿಡುವು. 'ಫ್ರೀ ಇದ್ದೀರಾ?' ಎನ್ನುವ ಪ್ರಶ್ನೆಯಲ್ಲಿ ಆ ಒಪ್ಪಿಗೆ ಇಲ್ಲ. ಸೀಟು ಫ್ರೀ ಇದೆಯೇ, ರೂಮು ಫ್ರೀ ಇದೆಯೇ, ಲೈನು ಫ್ರೀ ಇದೆಯೇ ಎನ್ನುವ ಸಾಲಿನಲ್ಲೇ ಇದೂ ಬರುತ್ತದೆ. ಖಾಲಿಯೇ? ಬಂದು ಕೂರಬಹುದೇ?

ಇದು ಅತಿಯಾಯಿತು ಎನಿಸಿದರೆ ಮನೆಯಲ್ಲಿರುವ ಸೊಸೆಯ ಬಗ್ಗೆ ಆಡುವ ಮಾತನ್ನು ಗಮನಿಸಿ. 'ಅವಳು ಹೇಗೂ ಮನೆಯಲ್ಲಿ ಫ್ರೀ, ಅತ್ತೆಯನ್ನು ಆಸ್ಪತ್ರೆಗೆ ಕರಕೊಂಡು ಹೋಗಲಿ.' 'ನೀನು ಫ್ರೀ ಅಲ್ವಾ, ಗ್ಯಾಸಿನವ ಬರುವವರೆಗೆ ಕಾದಿರು.' ಈ ಫ್ರೀಯಲ್ಲಿ ಎರಡು ಅರ್ಥಗಳು ಗಂಟುಬಿದ್ದಿವೆ, ಖಾಲಿ ಇದ್ದಾಳೆ ಎಂಬುದೊಂದು, ಕಾಸು ಕೊಡಬೇಕಾಗಿಲ್ಲ ಎಂಬುದಿನ್ನೊಂದು. ಪುರುಸೊತ್ತು ಎನ್ನುತ್ತಿದ್ದಾಗ ಈ ಗಂಟು ಬೀಳಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಪುರುಸೊತ್ತಿಗೆ ಪುಕ್ಕಟೆ ಎಂಬರ್ಥವಿಲ್ಲ.

ಹೊರಗೆ ದುಡಿಯುವವರ ಪಾಡೂ ಇಷ್ಟೇ. ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ 'ಫ್ರೀ ಪೀರಿಯಡ್' ಎಂಬುದೊಂದಿದೆ. ಅದು ಪುಸ್ತಕ ತಿದ್ದಲು, ಮುಂದಿನ ಪಾಠ ನೋಡಿಕೊಳ್ಳಲು ಇರುವ ಅವಧಿ. ಆದರೆ ಯಾರಾದರೂ ರಜೆ ಹಾಕಿದರೆ ಮೊದಲು ಹುಡುಕುವುದು ಯಾರು ಫ್ರೀ ಎಂದು. ಆ ಅವಧಿಗೆ ತಿದ್ದುವ ಪೀರಿಯಡ್ ಎಂದು ಹೆಸರಿಟ್ಟಿದ್ದರೆ ನಲವತ್ತು ನೋಟುಪುಸ್ತಕ ಹೊತ್ತು ಮನೆಗೆ ಹೋಗುವುದು ತಪ್ಪುತ್ತಿತ್ತೇನೋ.

2011ರ ಜನಗಣತಿಯಲ್ಲಿ ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ನಮ್ಮಂಥ ಶಿಕ್ಷಕರ ಪಾಲಿಗೆ ಬಂದಿತ್ತು. ಕೆಲಸವೇನೆಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಉತ್ತರ ಒಂದೇ: 'ಎಂತ ಇಲ್ಲೆ, ಮನೆಗೇ ಇಪ್ಪುದ್.' ಹೇಳುವಾಗ ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ, ಹಿಂದೆ ಹಟ್ಟಿಯಲ್ಲಿ ಕೂಗುವ ದನ. ನಮೂನೆಯೂ ಅದನ್ನೇ ಹೇಳುತ್ತಿತ್ತು. ಆರ್ಥಿಕವಲ್ಲದ ಚಟುವಟಿಕೆ ಎಂಬ ತಲೆಬರಹದಡಿ ವಿದ್ಯಾರ್ಥಿ, ಮನೆಗೆಲಸ, ಅವಲಂಬಿತರು, ಪಿಂಚಣಿದಾರರು, ಬಾಡಿಗೆ ಆದಾಯದವರು, ಭಿಕ್ಷುಕರು ಎಂಬ ಸಾಲು. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಅಪಘಾತದಲ್ಲಿ ತೀರಿಕೊಂಡ ಒಬ್ಬ ಗೃಹಿಣಿಯ ಕುಟುಂಬಕ್ಕೆ ಎಷ್ಟು ಪರಿಹಾರ ಕೊಡಬೇಕೆಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಬಗೆಯ ವಿಂಗಡಣೆಯನ್ನು ಕಟುವಾಗಿ ಟೀಕಿಸಿತ್ತು, ಮನೆ ನಡೆಸುವವಳನ್ನು ಭಿಕ್ಷುಕರ ಸಾಲಿನಲ್ಲಿ ನಿಲ್ಲಿಸುವುದೇ ಎಂದು. ಸತ್ತ ಮೇಲಾದರೂ ಅವಳ ದಿನಕ್ಕೊಂದು ಬೆಲೆ ಕಟ್ಟಬೇಕಾಗಿ ಬಂತಲ್ಲ, ಆಗ ಅವಳು ಫ್ರೀ ಆಗಿರಲಿಲ್ಲವೆಂದು ಹೊಳೆಯಿತು.

ಈಗ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು, 2024ರಲ್ಲಿ ಮತ್ತೊಮ್ಮೆ ಮಾಡಿತು. ಮನೆಗೆಲಸದಲ್ಲಿ ತೊಡಗುವ ಹೆಂಗಸರು ಕೂಲಿಯಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅದರಲ್ಲಿ ತೊಡಗುವ ಗಂಡಸರು 88 ನಿಮಿಷ. ಹಿಂದಿನ ಸಲ 299 ಮತ್ತು 97 ಇತ್ತು. ಐದು ವರ್ಷಗಳಲ್ಲಿ ಅವಳಿಗೆ ಹತ್ತು ನಿಮಿಷ ಬಿಡುವು ಸಿಕ್ಕಿತು, ಅವನಿಗೆ ಒಂಬತ್ತು. ಇದನ್ನು ಸಮಾನತೆ ಎನ್ನಬಹುದೇನೋ! ಗಂಡಸರಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರೇ ಕಡಿಮೆ ಎಂಬುದನ್ನೂ ಇದರ ಜೊತೆಗಿಟ್ಟು ಓದಬೇಕು.

ನಮ್ಮ ಕಡೆಯ ಸಾಹಿತ್ಯದಲ್ಲಿ ಈ ಲೆಕ್ಕವನ್ನು ಬಹಳ ಹಿಂದೆಯೇ ಬರೆದಿಟ್ಟವರು ಕೋಟದ ಶಿವರಾಮ ಕಾರಂತರು. 1941ರ 'ಮರಳಿ ಮಣ್ಣಿಗೆ'ಯನ್ನು ಮೂರು ತಲೆಮಾರುಗಳ ಕಥೆ, ಮಣ್ಣಿಗೆ ಮರಳಿದ ಮೊಮ್ಮಗನ ಕಥೆ ಎಂದು ಓದಿಸುವುದು ವಾಡಿಕೆ. ನನಗೆ ಅದು ಪಾರೋತಿ, ಸರಸೋತಿಯರ ಕಾದಂಬರಿ. ರಾಮ ಐತಾಳರು ಪೌರೋಹಿತ್ಯಕ್ಕೆ ಹೊರಟರೆ ಹಿಂದೆ ಉಳಿದ ಗದ್ದೆ, ಹಟ್ಟಿ, ಅಡುಗೆಮನೆ ಎಲ್ಲವನ್ನೂ ಹೊತ್ತವರು ಅತ್ತಿಗೆ ನಾದಿನಿಯರಿಬ್ಬರೇ. ಆ ಮನೆಯಲ್ಲಿ ಅವರಿಗೆ ಬಿಡುವಿದೆಯೇ ಎಂದು ಯಾರೂ ಕೇಳುವುದಿಲ್ಲ. ಆದರೆ ಕಾರಂತರು ಅವರ ದುಡಿಮೆಯನ್ನು ಎಲ್ಲಿಯೂ ಹಿನ್ನೆಲೆಯ ಚಿತ್ರವಾಗಿಸದೆ, ದಿನದಿನದ ವಿವರದಲ್ಲಿ ಬರೆದರು. ಕಥೆ ಬೇಗ ಮುಂದಕ್ಕೆ ಹೋಗುವುದಿಲ್ಲ ಎಂದು ಆ ಪುಟಗಳನ್ನು ಹಾರಿಸುವ ವಿದ್ಯಾರ್ಥಿಗಳಿಗೆ, ಅವೇ ಕಥೆ ಎಂದು ನಾನು ಹೇಳುವುದುಂಟು. ಅವಳ ಕೆಲಸವನ್ನು ಹೊಗಳಿ ಕೈತೊಳೆದುಕೊಳ್ಳುವ ಬರಹಗಳು ಬಹಳ ಬಂದಿವೆ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದವು ಕಡಿಮೆ.

ಕುಂದಾಪುರದವರೇ ಆದ ವೈದೇಹಿಯವರದು ಇನ್ನೊಂದು ನೋಟ. 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಕಥೆಯಲ್ಲಿ ಊರಿಗೊಂದು ಟಾಕೀಸು ಬರುತ್ತದೆ, ಹೆಂಗಸರು ಸಿನಿಮಾಕ್ಕೆ ಹೋಗತೊಡಗುತ್ತಾರೆ, ಅಷ್ಟಕ್ಕೇ ಊರಿನಲ್ಲಿ ಅಲೆಗಳೇಳುತ್ತವೆ. ಅಲ್ಲಿ ಬಿಡುವು ಎಂಬುದು ತಾನಾಗಿ ಒದಗುವ ಖಾಲಿ ಜಾಗವಲ್ಲ, ಮನೆಗೆಲಸದ ನಡುವಿನಿಂದ ಕಿತ್ತು ತೆಗೆದುಕೊಳ್ಳುವ ಎರಡೂವರೆ ಗಂಟೆ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಇದನ್ನು ಆಧರಿಸಿ ಚಿತ್ರ ಮಾಡಿದಾಗ ಕಥೆಯನ್ನು ಬಹಳ ಬದಲಿಸಿದರು. ಚಿತ್ರ ದೊಡ್ಡದು, ನನಗೇನೋ ಕಥೆಯ ಆ ಸಣ್ಣ ಅಲೆಗಳೇ ಹೆಚ್ಚು ಇಷ್ಟ.

ಈಗ ಈ ಮಾತಿನ ಅತಿ ಕಹಿಯಾದ ಉಪಯೋಗಕ್ಕೆ ಬರುತ್ತೇನೆ. 'ಅವ ಎಲ್ಲರತ್ರ ಫ್ರೀ' ಎಂದು ಒಬ್ಬ ಹುಡುಗನ ಬಗ್ಗೆ ಹೇಳಿದರೆ ಅದು ಹೊಗಳಿಕೆ. ಬಿಂಕವಿಲ್ಲ, ಒಳ್ಳೆ ಹುಡುಗ. 'ಅವಳು ಸ್ವಲ್ಪ ಫ್ರೀ' ಎಂದು ಹುಡುಗಿಯ ಬಗ್ಗೆ ಹೇಳಿದರೆ? ಹೇಳಿದವರು ಧ್ವನಿ ತಗ್ಗಿಸಿರುತ್ತಾರೆ, ಕೇಳಿದವರು ಹುಬ್ಬೇರಿಸಿರುತ್ತಾರೆ. ಒಂದು ಸಂಬಂಧ ಮುರಿಯಲು ಅಷ್ಟು ಸಾಕು. ಪೋಷಕರ ಸಭೆಗಳಲ್ಲಿ 'ಹೆಣ್ಣು ಮಕ್ಕಳನ್ನು ಇಷ್ಟು ಫ್ರೀ ಬಿಡಬಾರದು' ಎಂಬ ಮಾತನ್ನು ನಾನು ಕೇಳಿರುವಷ್ಟು ಸಲ ಗಂಡು ಮಕ್ಕಳ ಬಗ್ಗೆ ಕೇಳಿಲ್ಲ. ಕನ್ನಡದಲ್ಲಿ ಇದನ್ನೇ ಹೇಳಬೇಕಾದರೆ ಸ್ಪಷ್ಟವಾಗಿ ಬಯ್ಯಬೇಕಾಗುತ್ತಿತ್ತು, ಬೈದವರು ಅದಕ್ಕೆ ಹೊಣೆಯಾಗಬೇಕಾಗುತ್ತಿತ್ತು. ಫ್ರೀ ಆ ಹೊಣೆಯನ್ನು ತಪ್ಪಿಸಿತು. ಕೇಳಿದರೆ 'ನಾನು ಹಾಗೆ ಹೇಳಲಿಲ್ಲ, ಫ್ರೀಯಾಗಿ ಮಾತಾಡುತ್ತಾಳೆ ಅಂದೆ ಅಷ್ಟೆ' ಎಂದು ಜಾರಿಕೊಳ್ಳಬಹುದು. ಇಂಗ್ಲಿಷ್ ಮಾತು ನಮ್ಮಲ್ಲಿ ಮಾಡುವ ಕೆಲಸಗಳಲ್ಲಿ ಇದೂ ಒಂದು, ಕೊಳಕನ್ನು ಶುಭ್ರ ಬಟ್ಟೆಯಲ್ಲಿ ಸುತ್ತುವುದು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣ ಇಲ್ಲವೆಂದಾದಾಗ ಈ ಅರ್ಥಗಳೆಲ್ಲ ಒಂದೇ ಬಸ್ಸಿಗೆ ಹತ್ತಿದವು. 'ಫ್ರೀ ಎಂದು ಹೆಂಗಸರೆಲ್ಲ ಊರು ಸುತ್ತುತ್ತಿದ್ದಾರೆ' ಎಂಬ ಮಾತು ಎಲ್ಲೆಲ್ಲೂ ಕೇಳಿಸಿತು. ಆ ಸಿಟ್ಟು ಟಿಕೇಟಿನ ಬಗ್ಗೆಯೋ, ಸುತ್ತುವುದರ ಬಗ್ಗೆಯೋ? ಕಾಸಿಲ್ಲದೆ ಹೋಗುತ್ತಾಳೆ ಎಂಬ ದೂರಿನ ಕೆಳಗೆ, ಕೇಳದೆ ಹೋಗುತ್ತಾಳೆ ಎಂಬ ದೂರಿತ್ತು. ಬಸ್ಸಿಗೆ ಗಂಡನ ಹತ್ತಿರ ಇಪ್ಪತ್ತು ರೂಪಾಯಿ ಕೇಳುವಾಗ ಎಲ್ಲಿಗೆ, ಏಕೆ, ಎಷ್ಟೊತ್ತಿಗೆ ಬರುತ್ತೀ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಟಿಕೇಟಿನ ಮೇಲೆ ಸೊನ್ನೆ ಎಂದು ಅಚ್ಚಾದಾಗ ಆ ಪ್ರಶ್ನೆಗಳೂ ಸೊನ್ನೆಯಾದವಲ್ಲ, ಅದು ಹಲವರಿಗೆ ಸಹಿಸಲಿಲ್ಲ.

ತಮಾಷೆಯೆಂದರೆ ನಮ್ಮ ಕಡೆ ಈ ಜಗಳಕ್ಕೆ ಕಾರಣವೇ ಕಡಿಮೆ. ಕರಾವಳಿಯ ರಸ್ತೆಗಳು ಮೊದಲಿನಿಂದಲೂ ಖಾಸಗಿ ಬಸ್ಸುಗಳವು. ಕುಂದಾಪುರದಿಂದ ಒಳಹಳ್ಳಿಗಳಿಗೆ ಹೋಗುವ ಎಷ್ಟೋ ದಾರಿಗಳಲ್ಲಿ ಅವೇ ಗತಿ, ಅಲ್ಲಿ ಶಕ್ತಿ ನಡೆಯುವುದಿಲ್ಲ. ಮೈಸೂರು ಕಡೆಯ ನೆಂಟರು 'ನಿಮಗೇನು, ಫ್ರೀ ಬಸ್ಸು' ಎಂದರೆ, ಕೈಯಲ್ಲಿ ಚಿಲ್ಲರೆ ಹಿಡಿದು ಖಾಸಗಿ ಬಸ್ಸಿನ ಬಾಗಿಲಲ್ಲಿ ನೇತಾಡುವ ನಮ್ಮ ಹೆಂಗಸರು ನಗಬೇಕಷ್ಟೆ. ಹೆದ್ದಾರಿಯಲ್ಲಿ ಗಂಟೆಗೊಂದಾದರೂ ಸರ್ಕಾರಿ ಬಸ್ಸು ಕಂಡೀತು. ಅದು ಕೈ ತೋರಿಸಿದಲ್ಲಿ ನಿಲ್ಲುತ್ತದೆಯೇ ಎಂಬುದು ಅದೃಷ್ಟ. ಸಾಸ್ತಾನದ ಟೋಲ್ ಗೇಟಿನಲ್ಲಿ ಊರಿನ ವಾಹನಗಳಿಂದ ಸುಂಕ ವಸೂಲಿ ಮಾಡಬಾರದೆಂದು ಜನ ಪ್ರತಿಭಟನೆ ಮಾಡಿದರಲ್ಲ, ಆಗ ಯಾರೂ ಕಾರಿನವರು ಫ್ರೀ ಕೇಳುತ್ತಿದ್ದಾರೆ ಎನ್ನಲಿಲ್ಲ. ಅದಕ್ಕೆ 'ವಿನಾಯಿತಿ' ಎಂಬ ಮರ್ಯಾದೆಯ ಮಾತು ಸಿಕ್ಕಿತು. ಅದು ಹಕ್ಕಿನ ಬೇಡಿಕೆ, ನಾನೂ ಒಪ್ಪುತ್ತೇನೆ. ಆದರೆ ಒಂದೇ ಹೆದ್ದಾರಿಯಲ್ಲಿ ಕಾರಿಗೆ ವಿನಾಯಿತಿ, ಬಸ್ಸಿನಲ್ಲಿ ನಿಂತವಳಿಗೆ ಬಿಟ್ಟಿ!

ಇಷ್ಟೆಲ್ಲ ಬೈಸಿಕೊಂಡ ಈ ಮಾತಿನ ಮನೆತನ ನಿಜಕ್ಕೂ ದೊಡ್ಡದು. ಭಾಷಾಶಾಸ್ತ್ರಜ್ಞರು ಇಂಗ್ಲಿಷಿನ ಫ್ರೀಗೂ ಸಂಸ್ಕೃತದ 'ಪ್ರಿಯ'ಕ್ಕೂ ಒಂದೇ ಮೂಲ ಎನ್ನುತ್ತಾರೆ. ಫ್ರೆಂಡ್ ಎಂಬುದೂ ಅದೇ ಬೇರಿನದು. ಹಳೆಯ ಕಾಲದ ಮನೆಯಲ್ಲಿ ಎರಡು ಬಗೆಯ ಜನರಿದ್ದರು, ಪ್ರಿಯರಾದ ಮನೆಯವರು, ದುಡಿಯಲಿಕ್ಕೆ ಮಾತ್ರ ಇದ್ದ ಆಳುಗಳು. ಮೊದಲನೆಯವರು ಫ್ರೀ, ಎರಡನೆಯವರಲ್ಲ. ಹೀಗೆ ನಮ್ಮವರು ಎಂಬ ಅರ್ಥದಿಂದ ದಾಸ್ಯವಿಲ್ಲದವರು ಎಂಬ ಅರ್ಥ ಬಂತು, ಕಾಸಿಲ್ಲದ್ದು ಎಂಬ ಅರ್ಥ ಬಹಳ ತಡವಾಗಿ ಸೇರಿದ್ದು.

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಈ ಪದವನ್ನು ಕರಿಹಲಗೆಯ ಮೇಲೆ ಬರೆದು, ಮನೆಯಲ್ಲಿ ಹೆಚ್ಚು ಬಳಸುವ ಅರ್ಥವನ್ನು ಮೊದಲು, ಕಡಿಮೆ ಬಳಸುವುದನ್ನು ಕೊನೆಗೆ ಬರೆಯಲು ಹೇಳಿದ್ದೆ. ಗಂಡು ಮಕ್ಕಳಲ್ಲಿ ಬಹಳಷ್ಟು ಜನ ಪುಕ್ಕಟೆ ಎಂದು ಶುರುಮಾಡಿದ್ದರು, ಇಬ್ಬರು ಫ್ರೀ ಹಿಟ್ ಎಂದು ಬರೆದು ಚೆಂಡಿನ ಚಿತ್ರವನ್ನೂ ಬಿಡಿಸಿದ್ದರು. ಹೆಣ್ಣು ಮಕ್ಕಳ ಪುಟಗಳಲ್ಲಿ ಮೊದಲ ಸಾಲಿನಲ್ಲಿ ಹೆಚ್ಚಾಗಿ ಇದ್ದದ್ದು 'ಕೆಲಸ ಇಲ್ಲದಿರುವುದು'. ಒಬ್ಬಳು ಮಾತ್ರ ಅದನ್ನು ಬರೆದು, ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 'ಅಮ್ಮ ಮಲಗಿದ ಮೇಲೆ' ಎಂದು ಬರೆದಿದ್ದಳು. ಅಂಕ ಕೊಡುವ ಲೆಕ್ಕದಲ್ಲಿ ಅದು ಅರ್ಥವಲ್ಲ, ಉದಾಹರಣೆ. ಪೂರ್ತಿ ಅಂಕ ಕೊಟ್ಟೆ.